ಅಗ್ಗದ ದೆವ್ವಗಳ ಬಗ್ಗೆ ಒಂದು ತಪ್ಪು ತಿಳಿವಳಿಕೆ

ಕಡಿಮೆ ದುಡ್ಡಿನಲ್ಲಿ ತಯಾರಾದ ಹಳೆಯ ದೆವ್ವದ ಚಿತ್ರಗಳು, ಅನ್ಯಗ್ರಹದ ಜೀವಿಗಳೋ ಪ್ರಯೋಗಾಲಯದ ವಿಕಾರಗಳೋ ಊರಿಗೆ ನುಗ್ಗುವ ಚಿತ್ರಗಳು ಇಂದಿಗೂ ಜನರನ್ನು ಹಿಡಿದು ಕೂರಿಸುತ್ತವಲ್ಲ, ಏಕೆ? ಇದಕ್ಕೊಂದು ಸಿದ್ಧ ಉತ್ತರವಿದೆ: ‘ಅವು ಅಷ್ಟೊಂದು ಕಳಪೆಯಾಗಿವೆ, ಅದಕ್ಕೇ ನೋಡೋಕೆ ಮಜಾ.’ ನಾನಿರುವ ಸಿಂಗಪುರದ ಆಂಗ್ ಮೋ ಕಿಯೋದ ಕನ್ನಡ ಮನೆಗಳಲ್ಲಿ ನಿರ್ದೇಶಕ ಬಿ. ವಿಠಲಾಚಾರ್ಯರ ಮಾಯಾಜಾಲದ ಸಿನಿಮಾಗಳ ಮಾತು ಬಂದಾಗ ಕೇಳುವುದೂ ಇದೇ. ಇಲ್ಲಿಯ ಮಲಯ್ ಗೆಳೆಯರು ಐವತ್ತರ ದಶಕದ, ಪೊಂಟಿಯಾನಕ್ ಎಂಬ ಹೆಣ್ಣುದೆವ್ವದ ಚಿತ್ರಗಳ ಬಗ್ಗೆ ಹೇಳುವುದೂ ಇದೇ. ಹೇಳುವವರಲ್ಲಿ ತಿರಸ್ಕಾರವಿಲ್ಲ, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಪ್ರೀತಿಗೆ ಕೊಡುವ ಕಾರಣ ತಪ್ಪಾಗಿದ್ದರೆ ಪ್ರೀತಿಸಿದ ವಸ್ತುವಿಗೇ ಹಾನಿಯಾಗುತ್ತದೆ. ಈ ಚಿತ್ರಗಳ ವಿಷಯದಲ್ಲಿ ಆಗಿರುವುದು ಅದೇ ಎಂದು ನನಗನ್ನಿಸಿದೆ.

ಮೊದಲು ಆ ವಾದವನ್ನು ಅದರ ಗಟ್ಟಿಯಾದ ರೂಪದಲ್ಲೇ ಮುಂದಿಡೋಣ. ಹೆದರಿಸಬೇಕೆಂದು ಹೊರಟ ಚಿತ್ರ ಹೆದರಿಸಲಾರದೆ ಹೋದಾಗ ಉದ್ದೇಶಕ್ಕೂ ಫಲಕ್ಕೂ ನಡುವೆ ಅಂತರ ಕಾಣಿಸಿಕೊಳ್ಳುತ್ತದೆ. ಆ ಅಂತರದಿಂದ ನಗು ಹುಟ್ಟುತ್ತದೆ, ಆ ನಗುವೇ ಆಕರ್ಷಣೆ. ಇದಕ್ಕೆ ಸಾಕ್ಷಿಗಳು ಬೇಕಾದಷ್ಟಿವೆ. 1953ರ ‘ರೋಬೋಟ್ ಮಾನ್‌ಸ್ಟರ್’ ಚಿತ್ರಕ್ಕೆ ರೋಬೋಟಿನ ಉಡುಪು ಮಾಡಿಸಲು ದುಡ್ಡಿಲ್ಲದ ನಿರ್ದೇಶಕ ಫಿಲ್ ಟಕರ್, ಸ್ವಂತ ಗೊರಿಲ್ಲಾ ವೇಷ ಇಟ್ಟುಕೊಂಡಿದ್ದ ನಟನೊಬ್ಬನನ್ನು ಕರೆಸಿ, ತಲೆಗೊಂದು ಶಿರಸ್ತ್ರಾಣ ತೊಡಿಸಿ, ಮನುಕುಲವನ್ನು ನಾಶಮಾಡಲು ಬಂದ ಅನ್ಯಲೋಕದವನೆಂದು ತೋರಿಸಿದ. ಎಡ್ ವುಡ್‌ನ ‘ಪ್ಲಾನ್ 9 ಫ್ರಮ್ ಔಟರ್ ಸ್ಪೇಸ್’ ಚಿತ್ರದ ಹೆಸರಾಂತ ನಟ ಬೆಲಾ ಲುಗೋಸಿ 1956ರಲ್ಲೇ ತೀರಿಕೊಂಡಿದ್ದ. ಉಳಿದ ದೃಶ್ಯಗಳಲ್ಲಿ ಅವನಿಗಿಂತ ಎತ್ತರದ ಬೇರೊಬ್ಬ ಮುಖಕ್ಕೆ ನಿಲುವಂಗಿ ಅಡ್ಡ ಹಿಡಿದು ಓಡಾಡಿದ. 1980ರಲ್ಲಿ ಅಮೆರಿಕದ ಒಂದು ಪುಸ್ತಕ ಅದಕ್ಕೆ ಸಾರ್ವಕಾಲಿಕ ಅತಿ ಕೆಟ್ಟ ಚಿತ್ರವೆಂಬ ಪಟ್ಟ ಕಟ್ಟಿತು, ಆಮೇಲೆ ಅದರ ಪ್ರೇಕ್ಷಕರು ಹೆಚ್ಚಿದರು. ಈ ರುಚಿಗೆ ತಾತ್ವಿಕ ಆಧಾರವೂ ಇದೆ. ಸೂಸನ್ ಸೊಂಟ್ಯಾಗ್ 1964ರ ‘ನೋಟ್ಸ್ ಆನ್ ಕ್ಯಾಂಪ್’ ಪ್ರಬಂಧದಲ್ಲಿ, ಗಂಭೀರವಾಗಿ ಹೊರಟು ಸೋತ ಕೃತಿಯೇ ಈ ಬಗೆಯ ಸವಿಗೆ ಶುದ್ಧ ಮಾದರಿ ಎಂಬ ಅರ್ಥದ ಮಾತು ಹೇಳಿದ್ದಾರೆ. ತಿಳಿದವರು ಯೋಚಿಸಿ ಆಡಿದ ಮಾತಿದು, ಸುಮ್ಮನೆ ತಳ್ಳಿಹಾಕುವಂಥದ್ದಲ್ಲ.

ಆದರೂ ಈ ವಾದ ಎರಡು ಸರಳ ಪರೀಕ್ಷೆಗಳಲ್ಲಿ ನಿಲ್ಲುವುದಿಲ್ಲ. ಸೋಲೇ ಆಕರ್ಷಣೆಯ ಮೂಲವಾಗಿದ್ದರೆ ಸೋತ ಚಿತ್ರಗಳೆಲ್ಲ ಆಕರ್ಷಕವಾಗಿರಬೇಕಿತ್ತು. ಕಡಿಮೆ ಖರ್ಚಿನ ಭಯಾನಕ ಚಿತ್ರಗಳಲ್ಲಿ ಬಹುಪಾಲು ಬರೀ ಬೇಸರ ತರಿಸುತ್ತವೆ ಎಂಬುದು ಅವನ್ನು ಸಾಲಾಗಿ ನೋಡಿದ ಯಾರಿಗೂ ಗೊತ್ತು. ಅವುಗಳಲ್ಲಿ ನಗುವಂಥ ತಪ್ಪುಗಳೂ ಸಿಗುವುದಿಲ್ಲ, ಎದ್ದುಹೋಗಬೇಕೆನ್ನಿಸುತ್ತದೆ ಅಷ್ಟೆ. ಇನ್ನೊಂದು ಪರೀಕ್ಷೆ: ಸೋಲದ ಚಿತ್ರಗಳಿಗೆ ಈ ಆಕರ್ಷಣೆ ಇರಬಾರದಿತ್ತು. ಆದರೆ 1942ರ ‘ಕ್ಯಾಟ್ ಪೀಪಲ್’, 1956ರ ‘ಇನ್ವೇಷನ್ ಆಫ್ ದ ಬಾಡಿ ಸ್ನ್ಯಾಚರ್ಸ್’, 1962ರ ‘ಕಾರ್ನಿವಲ್ ಆಫ್ ಸೋಲ್ಸ್’, 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಇವೆಲ್ಲ ಸಣ್ಣ ಬಜೆಟ್ಟಿನಲ್ಲಿ ಮಾಡಿದವು, ಮತ್ತು ತಾವು ಅಂದುಕೊಂಡದ್ದನ್ನು ಸಾಧಿಸಿದವು. ಅಗ್ಗದ ಚಿತ್ರಗಳ ಅಭಿಮಾನಿಗಳು ಅವನ್ನೂ ಅದೇ ಬಾಯಲ್ಲಿ ಹೊಗಳುತ್ತಾರೆ. ಒಂದು ಕಾರಣ ಇದ್ದೂ ಫಲ ಕಾಣದಿದ್ದರೆ, ಇಲ್ಲದೆಯೂ ಫಲ ಕಂಡರೆ, ಅದನ್ನು ಕಾರಣವೆನ್ನುವುದು ಹೇಗೆ?

ಇದಕ್ಕೆ ಆ ಪಕ್ಷದವರಲ್ಲಿ ಒಂದು ಜಾಣ ಉತ್ತರವಿದೆ. ‘ಎಲ್ಲ ಸೋಲೂ ಅಲ್ಲ, ಪ್ರಾಮಾಣಿಕವಾದ ಸೋಲು ಮಾತ್ರ’ ಎನ್ನುತ್ತಾರೆ. ಬೇಕೆಂದೇ ಕೆಟ್ಟದಾಗಿ ಮಾಡಿದ ಚಿತ್ರಗಳು, ಉದಾಹರಣೆಗೆ ಸುಂಟರಗಾಳಿಯಲ್ಲಿ ಶಾರ್ಕ್‌ಗಳು ಹಾರಿಬರುವ 2013ರ ‘ಶಾರ್ಕ್‌ನಾಡೊ’, ಒಂದು ಸಂಜೆಯ ಗದ್ದಲಕ್ಕೆ ಸರಿ, ಮನಸ್ಸಿನಲ್ಲಿ ಉಳಿಯುವುದಿಲ್ಲ ಎಂದೂ ಅವರೇ ಒಪ್ಪುತ್ತಾರೆ. ನಿಜ. ಆದರೆ ಇಷ್ಟು ಒಪ್ಪಿದಮೇಲೆ ಅವರ ವಾದದಲ್ಲಿ ಉಳಿದದ್ದೇನು? ಸೋಲು ಎರಡೂ ಕಡೆ ಇದೆ. ಒಂದೆಡೆ ಶ್ರದ್ಧೆ ಇದೆ, ಇನ್ನೊಂದೆಡೆ ಇಲ್ಲ. ನಮ್ಮ ಮನಸ್ಸು ಶ್ರದ್ಧೆ ಇರುವ ಕಡೆಗೇ ಹೋಗುತ್ತದೆ. ಹಾಗಾದರೆ ನಾವು ಮೆಚ್ಚುತ್ತಿರುವುದು ಶ್ರದ್ಧೆಯನ್ನೇ ಹೊರತು ಸೋಲನ್ನಲ್ಲ. ಗೊರಿಲ್ಲಾ ವೇಷದ ಅನ್ಯಲೋಕದವನು ತನಗೆ ಬಂದ ಆಜ್ಞೆಗೂ ತನ್ನೊಳಗೆ ಹುಟ್ಟಿದ ಆಸೆಗೂ ನಡುವೆ ಸಿಕ್ಕಿ ಒದ್ದಾಡುವುದನ್ನು ನಟನೂ ನಿರ್ದೇಶಕನೂ ಪೂರ್ತಿ ನಂಬಿ ಮಾಡಿದ್ದಾರೆ. ನಗು ಬಂದಮೇಲೂ ನಾವು ನೋಡುತ್ತಾ ಕೂರುವುದು ಆ ನಂಬಿಕೆಯ ಬಲದಿಂದ.

ಎರಡನೆಯ ಸಿದ್ಧ ಉತ್ತರ ಹಳೆಯ ನೆನಪಿನದು. ಬಾಲ್ಯ, ಟೆಂಟು, ಮರಳಿನ ಮೇಲೆ ಕೂತು ನೋಡಿದ ರಾತ್ರಿಗಳು. ಇದನ್ನು ಪರೀಕ್ಷಿಸಲು ಆಂಗ್ ಮೋ ಕಿಯೋ ಒಳ್ಳೆಯ ಜಾಗ. ಎಪ್ಪತ್ತರ ದಶಕದಲ್ಲಿ ಗೃಹಮಂಡಳಿಯವರು ಇಲ್ಲಿ ಬಹುಮಹಡಿ ಕಟ್ಟಡಗಳ ಹೊಸ ಪಟ್ಟಣ ಎಬ್ಬಿಸುವ ಮುನ್ನ ಇದು ರಬ್ಬರ್ ತೋಟಗಳೂ ಕಂಪೊಂಗ್ ಎಂದು ಕರೆಯುವ ಹಳ್ಳಿಗಳೂ ಇದ್ದ ನೆಲ. ಪೊಂಟಿಯಾನಕ್ ಚಿತ್ರಗಳಲ್ಲಿ ಕಾಣುವುದು ಅಂಥದೇ ಲೋಕ: ಕಂಬಗಳ ಮೇಲೆ ನಿಂತ ಮರದ ಮನೆ, ಬಾಳೆಯ ಹಿಂಡು, ಕತ್ತಲಾದರೆ ಚಿಮಣಿ ದೀಪ. ಪಟ್ಟಣದ ಮೊದಲ ತಲೆಮಾರು ಸಿನಿಮಾ ನೋಡಿದ ಜುಬಿಲಿ, ನ್ಯೂ ಕ್ರೌನ್ ಚಿತ್ರಮಂದಿರಗಳೂ ಈಗಿಲ್ಲ. ನೆನಪಿಗೆ ಕಾರಣ ಬೇಕಾದಷ್ಟಿದೆ. ಆದರೆ ಇಲ್ಲಿ ಲಿಫ್ಟಿನಲ್ಲೇ ಓಡಾಡಿ ಬೆಳೆದ, ಕಂಪೊಂಗನ್ನು ಕಣ್ಣಲ್ಲೂ ಕಾಣದ ಹುಡುಗ ಹುಡುಗಿಯರೂ 1958ರ ‘ಸುಂಪಾ ಪೊಂಟಿಯಾನಕ್’ ಹಾಕಿದರೆ ಮೊಬೈಲು ಕೆಳಗಿಟ್ಟು ನೋಡುತ್ತಾರೆ. ‘ಅದು ಎರವಲು ನೆನಪು, ಅಜ್ಜಿಯಿಂದ ಬಂದದ್ದು’ ಎನ್ನಬಹುದು. ಹಾಗಿದ್ದರೆ ಅದೇ ವರ್ಷ, ಅದೇ ಸ್ಟುಡಿಯೋದಲ್ಲಿ, ಅದೇ ಕಂಪೊಂಗಿನ ನಡುವೆ ತೆಗೆದ ಅತ್ತೆ ಸೊಸೆಯರ ಕಣ್ಣೀರಿನ ಚಿತ್ರಗಳೂ ಅವರನ್ನು ಹಾಗೆಯೇ ಹಿಡಿಯಬೇಕಲ್ಲ? ಹಿಡಿಯುವುದಿಲ್ಲ. ನೆನಪು ಎರಡಕ್ಕೂ ಸಮಾನ. ವ್ಯತ್ಯಾಸ ದೆವ್ವದಲ್ಲೇ ಇದೆ.

ಮೂರನೆಯದು ಕೇಳಲು ಎಲ್ಲಕ್ಕಿಂತ ಚೆಂದ, ಅದಕ್ಕೇ ಎಲ್ಲಕ್ಕಿಂತ ಅಪಾಯಕಾರಿ: ‘ಬಡತನವೇ ಕಲ್ಪನೆಯನ್ನು ಚುರುಕುಗೊಳಿಸುತ್ತದೆ, ದುಡ್ಡಿದ್ದರೆ ಇವರು ಇಂಥ ಚಿತ್ರ ಮಾಡುತ್ತಿರಲಿಲ್ಲ.’ ಇದರಲ್ಲಿ ಅರ್ಧ ಸತ್ಯವಿದೆ, ಆ ಅರ್ಧಕ್ಕೆ ಆಮೇಲೆ ಬರುತ್ತೇನೆ. ಉಳಿದರ್ಧ ಇನ್ನೊಬ್ಬರ ಹಸಿವನ್ನು ಕಲೆಯ ಲೆಕ್ಕಕ್ಕೆ ಜಮಾ ಮಾಡುವ ಮಾತು. ಸಿಂಗಪುರದ ಜಾಲಾನ್ ಅಂಪಾಸ್‌ನಲ್ಲಿದ್ದ ಶಾ ಸಹೋದರರ ಮಲಯ್ ಚಿತ್ರಗಳ ಸ್ಟುಡಿಯೋದಲ್ಲಿ 1957ರಲ್ಲಿ ಕಲಾವಿದರೂ ಕೆಲಸಗಾರರೂ ಮುಷ್ಕರ ಹೂಡಿದ್ದರು. ಅವರ ಸಂಘದ ಮುಂಚೂಣಿಯಲ್ಲಿದ್ದವರು ಮರುವರ್ಷವೇ ‘ಸುಂಪಾ ಒರಾಂಗ್ ಮಿನ್ಯಾಕ್’ ಎಂಬ ದೆವ್ವದ ಚಿತ್ರ ನಿರ್ದೇಶಿಸಿದ ಪಿ. ರಾಮ್ಲೀ. ಬಡತನ ವರವಾಗಿದ್ದರೆ ಅವರು ಅದನ್ನು ಬೇಡವೆಂದು ಬೀದಿಗಿಳಿಯುತ್ತಿರಲಿಲ್ಲ. ಬಡತನ ಅನೇಕ ಚಿತ್ರಗಳನ್ನು ಕೊಂದಿದೆ, ಕೆಲವು ಚಿತ್ರಗಳು ಬಡತನವನ್ನು ಗೆದ್ದಿವೆ. ಗೆಲುವಿನ ಶ್ರೇಯಸ್ಸನ್ನು ಬಡತನಕ್ಕೆ ಕೊಡುವುದು ಅನ್ಯಾಯ.

ಹಾಗಾದರೆ ಆಕರ್ಷಣೆ ಎಲ್ಲಿದೆ? ನನ್ನ ಉತ್ತರವಿಷ್ಟು. ಈ ಚಿತ್ರಗಳು ಇಲ್ಲದ್ದನ್ನು ತೋರಿಸುತ್ತೇವೆಂದು ಮಾತು ಕೊಡುತ್ತವೆ, ತೋರಿಸಲು ಸಾಧನ ಸಾಲದೆಂಬುದನ್ನು ಮುಚ್ಚಿಡುವುದಿಲ್ಲ, ಉಳಿದದ್ದನ್ನು ಪೂರೈಸುವ ಕೆಲಸವನ್ನು ನಮಗೆ ವಹಿಸುತ್ತವೆ. ಆ ಕೆಲಸ ಮಾಡುವಾಗ ಆಗುವ ಸಂತೋಷವನ್ನೇ ನಾವು ತಪ್ಪಾಗಿ ‘ಕಳಪೆಯ ಮಜಾ’ ಎನ್ನುತ್ತಿದ್ದೇವೆ. ಕನ್ನಡದವರಿಗೆ ಇದು ಹೊಸದೆನ್ನಿಸಬಾರದು. ಯಕ್ಷಗಾನದಲ್ಲಿ ಬಣ್ಣದ ವೇಷದ ಪ್ರವೇಶ ನೆನಪಿಸಿಕೊಳ್ಳಿ. ಅಕ್ಕಿಹಿಟ್ಟು ಸುಣ್ಣ ಕಲಸಿ ಮುಖದ ಮೇಲೆ ಒಂದೊಂದೇ ಚುಟ್ಟಿಯನ್ನು ಗಂಟೆಗಟ್ಟಲೆ ಇಟ್ಟುಕೊಂಡ ರಕ್ಕಸ ಬಂದು ನಿಲ್ಲುವುದು ಇಬ್ಬರು ಹಿಡಿದ ತೆರೆಯ ಹಿಂದೆ. ಚೆಂಡೆ ಏರುತ್ತದೆ, ತೆರೆಯ ಮೇಲಿಂದ ಕಿರೀಟದ ತುದಿ ಕಾಣುತ್ತದೆ, ಅಂಚಿನ ಮೇಲೆ ಎರಡು ಕೈ ಬರುತ್ತವೆ, ಒಂದು ಆರ್ಭಟ ಕೇಳುತ್ತದೆ, ದೊಂದಿಗೆ ಎರಚಿದ ರಾಳದ ಪುಡಿ ಭುಗ್ಗೆಂದು ಉರಿಯುತ್ತದೆ. ತೆರೆ ಹಿಡಿದವರು ಇಬ್ಬರು ಮನುಷ್ಯರೆಂದು ಎಲ್ಲರಿಗೂ ಕಾಣುತ್ತಿದೆ, ಆದರೂ ಮುಂದಿನ ಸಾಲಿನ ಮಕ್ಕಳು ಹಿಂದೆ ಸರಿಯುತ್ತಾರೆ. ಅಲ್ಲಿ ಸೋತದ್ದು ಯಾವುದೂ ಇಲ್ಲ. ತೆರೆಯನ್ನು ಕಂಡೂ ರಕ್ಕಸನನ್ನು ಕಾಣುವ ಶಕ್ತಿ ನೋಡುವವನಲ್ಲಿದೆ ಎಂಬ ವಿಶ್ವಾಸದ ಮೇಲೆ ಆ ರಂಗಸ್ಥಳ ನಿಂತಿದೆ. ಆಂಗ್ ಮೋ ಕಿಯೋದಲ್ಲೂ ಚೀನೀ ಪಂಚಾಂಗದ ಏಳನೆಯ ತಿಂಗಳಲ್ಲಿ ಸತ್ತವರಿಗೆಂದು ಹಾಡು ಕುಣಿತದ ಗೆಟಾಯ್ ವೇದಿಕೆ ಹಾಕುತ್ತಾರೆ; ಮುಂದಿನ ಸಾಲಿನ ಕುರ್ಚಿಗಳನ್ನು ಪ್ರೇತಗಳಿಗೆಂದು ಖಾಲಿ ಬಿಡುತ್ತಾರೆ. ಆ ಖಾಲಿ ಕುರ್ಚಿಯನ್ನು ಯಾರೂ ಕಳಪೆ ದೆವ್ವ ಎನ್ನುವುದಿಲ್ಲ.

ಈ ದೃಷ್ಟಿಯಿಂದ ನೋಡಿದರೆ ಸೋತವೂ ಗೆದ್ದವೂ ಒಂದೇ ಕುಟುಂಬಕ್ಕೆ ಏಕೆ ಸೇರುತ್ತವೆ ಎಂಬುದು ತಿಳಿಯುತ್ತದೆ. ‘ಕ್ಯಾಟ್ ಪೀಪಲ್’ನಲ್ಲಿ ನಿರ್ಮಾಪಕ ವಾಲ್ ಲೂಟನ್, ನಿರ್ದೇಶಕ ಜಾಕ್ ಟರ್ನರ್ ಸೇರಿ ಮಾಡಿದ ಈಜುಕೊಳದ ದೃಶ್ಯವಿದೆ. ರಾತ್ರಿ ಒಬ್ಬಳೇ ನೀರಿಗಿಳಿದ ಹೆಂಗಸು, ಗೋಡೆಯ ಮೇಲೆ ಅಲುಗಾಡುವ ನೀರಿನ ಬೆಳಕು, ಹಾದುಹೋಗುವ ಒಂದು ನೆರಳು, ಒಂದು ಗುರುಗುಟ್ಟು. ಅಷ್ಟೆ. ಚಿರತೆಯನ್ನು ಮಾಡುವವರು ನಾವು. ಇದಕ್ಕೆ ಪಕ್ಕದಲ್ಲಿ 1952ರ ‘ದ ಜಂಗಲ್’ ಇಡಿ. ಸೇಲಂನ ಮಾಡರ್ನ್ ಥಿಯೇಟರ್ಸ್ ಅಮೆರಿಕದವರ ಜೊತೆ ಸೇರಿ ತಯಾರಿಸಿದ ಚಿತ್ರ, ತಮಿಳಿನಲ್ಲಿ ‘ಕಾಡು’. ಇತಿಹಾಸಪೂರ್ವದ ಮ್ಯಾಮತ್‌ಗಳು ಬೇಕಾಗಿದ್ದವು. ನಮ್ಮ ಆನೆಗಳಿಗೇ ಉದ್ದ ಕೂದಲಿನ ಹೊದಿಕೆ ಹೊದಿಸಿ ನಡೆಸಿದರು. ಹೊದಿಕೆಯೂ ಕಾಣುತ್ತದೆ, ಆನೆಯೂ ಕಾಣುತ್ತದೆ. ಎರಡನ್ನೂ ಕಾಣುತ್ತಲೇ ಮೂರನೆಯದನ್ನು, ಅಂದರೆ ಮಂಜಿನ ಯುಗದ ಪ್ರಾಣಿಯನ್ನು, ಒಂದು ಕ್ಷಣವಾದರೂ ಮನಸ್ಸು ಕಟ್ಟಿಬಿಡುತ್ತದೆ. ಟರ್ನರ್‌ದು ಉತ್ತಮ ಕಲೆ, ಇದು ಒರಟು ಕಸಬು, ಆದರೆ ನಮ್ಮಿಂದ ಎರಡೂ ಕೇಳುವುದು ಒಂದನ್ನೇ.

ಇನ್ನೂ ಎರಡು ಸಂಗತಿಗಳನ್ನು ಇದಕ್ಕೆ ಸೇರಿಸಬೇಕು.

1. ದುಡ್ಡು ಕಡಿಮೆಯಾದಾಗ ಚಿತ್ರವನ್ನು ಎತ್ತಿ ನಿಲ್ಲಿಸುವ ಭಾರ ಕಲ್ಪನೆಯ ಬೀಜದ ಮೇಲೆ ಬೀಳುತ್ತದೆ. ‘ಬಾಡಿ ಸ್ನ್ಯಾಚರ್ಸ್’ನಲ್ಲಿ ಪಕ್ಕದ ಮನೆಯವರು ನೋಡಲು ಅವರೇ, ಮಾತೂ ಅವರದೇ, ಒಳಗೆ ಮಾತ್ರ ಅವರಿಲ್ಲ. ಈ ಭಯಕ್ಕೆ ಯಂತ್ರ ಬೇಕಿಲ್ಲ.

2. ಸೆಟ್ ಹಾಕಲು ದುಡ್ಡಿಲ್ಲದ ಚಿತ್ರ ನಮ್ಮದೇ ಲೋಕವನ್ನು ಎರವಲು ಪಡೆಯುತ್ತದೆ. ನಾನು ಮೇಲೆ ಒಪ್ಪುತ್ತೇನೆಂದ ಅರ್ಧ ಸತ್ಯ ಇದು, ಮತ್ತು ಇದರ ಬಗ್ಗೆ ಸ್ವಲ್ಪ ನಿಂತು ಮಾತಾಡಬೇಕು. ಭಾರಿ ಬಜೆಟ್ಟಿನ ಚಿತ್ರ ಭಯಕ್ಕೆಂದೇ ಬೇರೊಂದು ಲೋಕ ಕಟ್ಟಿ ದೆವ್ವವನ್ನು ಅಲ್ಲಿರಿಸುತ್ತದೆ. ಟಿಕೆಟ್ಟಿನ ದುಡ್ಡು ಮುಗಿದಮೇಲೆ ದೆವ್ವ ಅಲ್ಲೇ ಉಳಿಯುತ್ತದೆ. ಸಣ್ಣ ಚಿತ್ರದ ದೆವ್ವಕ್ಕೆ ಇರಲು ಬೇರೆ ಜಾಗವಿಲ್ಲ, ಅದು ನಮ್ಮ ಅಡುಗೆಮನೆಗೇ ಬರಬೇಕು. ಉಡುಪಿ ಬಳಿಯ ಉದ್ಯಾವರದ ವಿಠಲಾಚಾರ್ಯರು ಡಿ. ಶಂಕರಸಿಂಗ್ ಜೊತೆ ಮೈಸೂರಿನ ಮಹಾತ್ಮಾ ಪಿಕ್ಚರ್ಸ್‌ನಲ್ಲಿ ಚಿತ್ರಜೀವನ ಶುರುಮಾಡಿ, ಆಮೇಲೆ ಮದ್ರಾಸಿಗೆ ಹೋಗಿ ತೆಲುಗಿನಲ್ಲಿ ಜಾನಪದ ಬ್ರಹ್ಮ ಎನ್ನಿಸಿಕೊಂಡವರು. ಮಹಾತ್ಮಾದವರ 1951ರ ‘ಜಗನ್ಮೋಹಿನಿ’ಯನ್ನು ಅವರು 1978ರಲ್ಲಿ ತೆಲುಗಿನಲ್ಲಿ ಮತ್ತೆ ಮಾಡಿದರು. ಅದರಲ್ಲಿ ಜಯಮಾಲಿನಿಯ ಮೋಹಿನಿ ದೆವ್ವ ಒಲೆಯ ಮುಂದೆ ಕೂತು, ಸೌದೆಯ ಬದಲು ತನ್ನ ಕಾಲುಗಳನ್ನೇ ಒಲೆಗಿಟ್ಟು ಉರಿಸಿ ಅಡುಗೆ ಮಾಡುತ್ತಾಳೆ. ಆ ಚಿತ್ರ ನೋಡಿದವರಿಗೆ ಕಥೆ ಮರೆತಿರಬಹುದು, ಈ ದೃಶ್ಯ ಮರೆತಿಲ್ಲ. ಕಾಲು ನಕಲಿ ಎಂಬುದು ಅಂದೂ ಗೊತ್ತಿತ್ತು. ಆದರೆ ಮನೆಯವರ ಹೊಟ್ಟೆ ತುಂಬಿಸಲು ಹೆಣ್ಣೊಬ್ಬಳು ತನ್ನ ಮೈಯನ್ನೇ ಒಲೆಗಿಡುವ ಚಿತ್ರ ನಮ್ಮ ಅಡುಗೆಮನೆಗಳ ಬಗ್ಗೆ ಹೇಳುವ ಸತ್ಯ, ದೊಡ್ಡ ಸೆಟ್ಟಿನ ಯಾವ ದೆವ್ವಕ್ಕೂ ಸಿಗುವಂಥದ್ದಲ್ಲ.

ಪೊಂಟಿಯಾನಕ್‌ ವಿಷಯವೂ ಹೀಗೆಯೇ. ಹೆರಿಗೆಯಲ್ಲಿ ಸತ್ತವಳು ದೆವ್ವವಾಗುತ್ತಾಳೆ ಎಂಬ ನಂಬಿಕೆ ನಮ್ಮ ಹಳ್ಳಿಗಳಂತೆ ಮಲಯ್ ಹಳ್ಳಿಗಳದ್ದೂ ಹೌದು. ಅವಳು ಬಾಳೆಯ ತೋಪಿನಲ್ಲಿರುತ್ತಾಳೆ, ಕತ್ತಿನ ಹಿಂದೆ ಮೊಳೆ ಹೊಡೆದರೆ ಸಾಧಾರಣ ಹೆಣ್ಣಾಗುತ್ತಾಳೆ. ಭಾರತದಿಂದ ಬಂದ ಬಿ. ಎನ್. ರಾವ್ ಕ್ಯಾಥೆ-ಕೆರಿಸ್ ಸಂಸ್ಥೆಗಾಗಿ 1957ರಲ್ಲಿ ‘ಪೊಂಟಿಯಾನಕ್’ ನಿರ್ದೇಶಿಸಿದರು. ಮರಿಯಾ ಮೆನಾಡೊ ನಟಿಸಿದ ಗೂನುಬೆನ್ನಿನ ಹುಡುಗಿ ಮದ್ದೊಂದರಿಂದ ಚೆಲುವೆಯಾಗುತ್ತಾಳೆ. ರಕ್ತದ ರುಚಿ ನೋಡಬಾರದೆಂಬುದು ಶರತ್ತು. ಹಾವು ಕಚ್ಚಿದ ಗಂಡನನ್ನು ಬದುಕಿಸಲು ವಿಷ ಹೀರುವಾಗ ಆ ಶರತ್ತು ಮುರಿಯುತ್ತದೆ. ಗಂಡನ ಪ್ರಾಣ ಉಳಿಸುವ ಕೆಲಸವೇ ಅವಳನ್ನು ದೆವ್ವ ಮಾಡುತ್ತದೆ. ಇಂಥ ಕಥೆಗೆ ಬೇಕಾದದ್ದು ಒಂದು ಹಾವು, ಒಂದು ಹಿತ್ತಲು, ಮೇಕಪ್ಪಿಗೆ ತಾಳ್ಮೆಯಿಂದ ಕೂರುವ ಒಬ್ಬ ನಟಿ. ಚಿತ್ರ ಇಲ್ಲಿಯ ಕ್ಯಾಥೆ ಚಿತ್ರಮಂದಿರದಲ್ಲಿ ವಾರಗಟ್ಟಲೆ ಓಡಿತು, ಬೆನ್ನಿಗೇ ಇನ್ನೆರಡು ಬಂದವು. ಇವತ್ತು ಆಂಗ್ ಮೋ ಕಿಯೋದಲ್ಲಿ ವಾಯ್ಡ್ ಡೆಕ್ ಎನ್ನುವ, ಕಂಬಗಳಷ್ಟೇ ಇರುವ ನೆಲಮಹಡಿಯಲ್ಲಿ ರಾತ್ರಿ ನಡೆದುಬರುವಾಗ ನೆನಪಾಗುವುದು ಅವಳೇ. ಕಂಪ್ಯೂಟರಿನಲ್ಲಿ ಹುಟ್ಟಿದ ಯಾವ ಪ್ರಾಣಿಯೂ ಅಲ್ಲಿಗೆ ಬರುವುದಿಲ್ಲ.

ಈಗ ಆಕ್ಷೇಪಗಳು. ಪ್ರೇಕ್ಷಕನಿಗೆ ಕೆಲಸ ಕೊಡುವುದು ಎಲ್ಲ ಕಲೆಯ ಗುಣ, ಇದಕ್ಕೆ ದೆವ್ವದ ಚಿತ್ರವೇ ಏಕೆ ಎಂದು ಕೇಳಬಹುದು. ಸಾಮಾಜಿಕ ಚಿತ್ರದಲ್ಲಿ ಬಜೆಟ್ಟಿನ ಕೊರತೆ ಕಾಣುವುದಿಲ್ಲ. ಬಡವರ ಮನೆ ತೋರಿಸಲು ಬಡವರ ಮನೆ ಸಾಕು. ಮ್ಯಾಮತ್ ತೋರಿಸುತ್ತೇನೆಂದಾಗಲೇ ಮಾತಿಗೂ ಸಾಧನಕ್ಕೂ ನಡುವಿನ ದೂರ ಕಣ್ಣಿಗೆ ಬೀಳುವುದು. ದೂರ ಹೆಚ್ಚಿದಷ್ಟೂ ನಮ್ಮ ಪಾಲು ಹೆಚ್ಚು. ಎರಡನೆಯ ಆಕ್ಷೇಪ: ಜನ ನಗುತ್ತಾರಲ್ಲ, ಅದನ್ನು ಅಲ್ಲಗಳೆಯುವುದು ಹೇಗೆ? ಅಲ್ಲಗಳೆಯುವುದಿಲ್ಲ. ಆದರೆ ನಗುವುದೆಲ್ಲ ಗೇಲಿಯಲ್ಲ. ಯಕ್ಷಗಾನದಲ್ಲಿ ಹಾಸ್ಯಗಾರನೂ ರಕ್ಕಸನೂ ಒಂದೇ ರಾತ್ರಿ, ಒಂದೇ ರಂಗಸ್ಥಳಕ್ಕೆ ಬರುತ್ತಾರೆ. ನಕ್ಕವರೇ ಅರ್ಧ ಗಂಟೆಯಲ್ಲಿ ಬೆಚ್ಚುತ್ತಾರೆ. ಗೇಲಿಗೆ ಬಂದವನು ಹತ್ತು ನಿಮಿಷದಲ್ಲಿ ದಣಿಯುತ್ತಾನೆ, ಕೊನೆಯವರೆಗೆ ಕೂತವನು ಬೇರೇನೋ ಪಡೆಯುತ್ತಿರುತ್ತಾನೆ.

ಮೂರನೆಯ ಆಕ್ಷೇಪ ಗಂಭೀರವಾದದ್ದು. ಈ ಚಿತ್ರಗಳಲ್ಲಿ ಹೆಣ್ಣನ್ನು ಭಯದ ವಸ್ತುವಾಗಿಸಿದ್ದಾರೆ, ಮೈ ತೋರಿಸಿ ಟಿಕೆಟ್ಟು ಮಾರಿದ್ದಾರೆ, ಗೂನುಬೆನ್ನನ್ನೇ ಶಾಪವೆಂದು ತೋರಿಸಿದ್ದಾರೆ. ಇದೆಲ್ಲ ನಿಜ, ಮತ್ತು ಆಕರ್ಷಣೆಯ ಹೆಸರಿನಲ್ಲಿ ಇದನ್ನು ಮನ್ನಿಸಕೂಡದು. ಆದರೆ ಇಲ್ಲೊಂದು ಮಾತಿದೆ. ಈ ತಪ್ಪುಗಳನ್ನು ವಿಚಾರಿಸಬೇಕಾದರೂ ಮೊದಲು ಚಿತ್ರವನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ‘ಕಳಪೆ, ಅದಕ್ಕೇ ಮಜಾ’ ಎಂದು ನಕ್ಕು ಮುಂದೆ ಹೋಗುವವನು ಚಿತ್ರದ ಕಲ್ಪನೆಯನ್ನೂ ನೋಡುವುದಿಲ್ಲ, ಅದರ ಕ್ರೌರ್ಯವನ್ನೂ ನೋಡುವುದಿಲ್ಲ. ಒಲೆಗಿಟ್ಟ ಕಾಲುಗಳಲ್ಲಿ ಎರಡೂ ಇವೆ.

ತಪ್ಪು ತಿಳಿವಳಿಕೆಗೆ ಬೆಲೆ ತೆತ್ತದ್ದು ಚಿತ್ರಗಳೇ ಎಂದು ನಾನು ಹೇಳುವುದು ಇದಕ್ಕೆ. ಕಳಪೆ ಎಂದಾದಮೇಲೆ ಕಾಪಾಡುವುದೇಕೆ? 1957ರ ‘ಪೊಂಟಿಯಾನಕ್’ ಮತ್ತು ಅದರ ಬೆನ್ನಿಗೆ ಬಂದ ‘ದೆಂಡಾಮ್ ಪೊಂಟಿಯಾನಕ್’ ಎರಡರ ಪ್ರತಿಗಳೂ ಇಂದು ಇಲ್ಲ. ನಿರ್ಮಾಪಕರಾಗಿದ್ದ ಹೋ ಅಹ್ ಲೋಕ್ ರೀಲುಗಳನ್ನು ತಾವೇ ನೀರಿಗೆಸೆದರೆಂಬ ಮಾತು ಪ್ರಚಲಿತದಲ್ಲಿದೆ. ಮೂರನೆಯದಾದ ‘ಸುಂಪಾ ಪೊಂಟಿಯಾನಕ್’ ಉಳಿಯಿತು. 2005ರಲ್ಲಿ ಶುರುವಾದ ಏಷ್ಯನ್ ಫಿಲ್ಮ್ ಆರ್ಕೈವ್ ಕ್ಯಾಥೆ-ಕೆರಿಸ್‌ನ ಉಳಿದ ಮಲಯ್ ಚಿತ್ರಗಳನ್ನು ಜೋಪಾನವಾಗಿಟ್ಟಿದೆ, 2014ರಲ್ಲಿ ಆ ಸಂಗ್ರಹ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಸ್ಮೃತಿ ದಾಖಲೆಗೆ ಸೇರಿತು. ನಮ್ಮ ಕನ್ನಡದಲ್ಲಿ ಮೊದಲ ವಾಕ್ಚಿತ್ರವಾದ 1934ರ ‘ಸತಿ ಸುಲೋಚನಾ’ದ ಪ್ರತಿಯೇ ಉಳಿದಿಲ್ಲ. ಗೌರವದ ಪೌರಾಣಿಕ ಚಿತ್ರಕ್ಕೇ ಆ ಗತಿಯಾದರೆ ಮೋಹಿನಿ, ನಾಗಕನ್ನಿಕೆಯರನ್ನು ಕೇಳುವವರು ಯಾರು? ಕನ್ನಡ ಚಿತ್ರರಂಗದ ಇತಿಹಾಸ ಬರೆಯುವವರಲ್ಲಿ ನನ್ನದೊಂದು ಕೋರಿಕೆ: ಮಹಾತ್ಮಾ ಪಿಕ್ಚರ್ಸ್‌ನ ಮಾಯಾಜಾಲದ ಚಿತ್ರಗಳಿಗೂ ಉದ್ಯಾವರದ ವಿಠಲಾಚಾರ್ಯರಿಗೂ ಅಡಿಟಿಪ್ಪಣಿಯ ಬದಲು ಒಂದೊಂದು ಅಧ್ಯಾಯ ಕೊಡಿ. ಯಾರ ಮನೆಯಲ್ಲಾದರೂ, ಯಾವ ಹಳೆಯ ಟಾಕೀಸಿನ ಅಟ್ಟದಲ್ಲಾದರೂ ಅವರ ಕಾಲದ ರೀಲು, ಪೋಸ್ಟರು, ಹಾಡಿನ ಪುಸ್ತಕ ಉಳಿದಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ.